ಬೆಟ್ಟ ಹತ್ತುವ ವಸಂತ: ಕ್ರೀಟ್ ದ್ವೀಪದ ಹೂವು, ಹಕ್ಕಿಗಳ ಕಾಲಗಣನೆ

ಏಪ್ರಿಲ್ ಮೂರನೆಯ ವಾರದಲ್ಲಿ ಗ್ರೀಸ್ ದೇಶದ ಕ್ರೀಟ್ ದ್ವೀಪಕ್ಕೆ ಹೋದವರಿಗೆ ಒಂದೇ ದಿನದಲ್ಲಿ ಮೂರು ಋತುಗಳು ಸಿಗುತ್ತವೆ. ದಕ್ಷಿಣ ಕರಾವಳಿಯಲ್ಲಿ ಹುಲ್ಲು ಆಗಲೇ ಒಣಗತೊಡಗಿರುತ್ತದೆ. ಸಾವಿರ ಮೀಟರ್ ಎತ್ತರದ ಬಯಲುಗಳಲ್ಲಿ ಟ್ಯುಲಿಪ್ ಮತ್ತು ಆರ್ಕಿಡ್‌ಗಳು ತುಂಬಿ ನಿಂತಿರುತ್ತವೆ. ಎರಡು ಸಾವಿರ ಮೀಟರ್ ದಾಟಿದ ಶಿಖರಗಳ ಮೇಲೆ ಹಿಮ ಹಾಗೆಯೇ ಇರುತ್ತದೆ. ಉತ್ತರ ತೀರದ ಹನಿಯಾ ನಗರದಿಂದ ಹೊರಟರೆ ಸುಮಾರು 40 ಕಿಲೋಮೀಟರ್ ದೂರದ ಒಮಾಲೊಸ್ ಪ್ರಸ್ಥಭೂಮಿಗೆ ಒಂದು ಗಂಟೆಯ ದಾರಿ. ಆ ಒಂದು ಗಂಟೆಯಲ್ಲಿ ಕಾರು ಸಮುದ್ರಮಟ್ಟದಿಂದ ಸುಮಾರು 1,100 ಮೀಟರ್ ಮೇಲೇರುತ್ತದೆ, ಋತು ಒಂದೂವರೆ ತಿಂಗಳು ಹಿಂದಕ್ಕೆ ಸರಿಯುತ್ತದೆ.

ಆದ್ದರಿಂದ ಕ್ರೀಟ್‌ನಲ್ಲಿ ಹೂವಿನ ಕಾಲ ಯಾವುದು ಎಂದು ಯಾರಾದರೂ ಕೇಳಿದರೆ, ತಾರೀಖಿನ ಜೊತೆಗೆ ಎತ್ತರವನ್ನೂ ಹೇಳಬೇಕಾಗುತ್ತದೆ. ಮೆಡಿಟರೇನಿಯನ್ ಬೆಟ್ಟಗಳಿಗೆ ಹೂವು, ಹಕ್ಕಿ ನೋಡಲು ಹೋಗುವವರಲ್ಲಿ ಬಹಳ ಜನ ಲೆಕ್ಕ ತಪ್ಪುವುದು ಇಲ್ಲಿಯೇ. ಅವರು ಊರನ್ನು ಆರಿಸುತ್ತಾರೆ, ಎತ್ತರವನ್ನು ಆರಿಸುವುದಿಲ್ಲ. ಅಲ್ಲಿ ಮಳೆಗೆ ಒಂದು ಪಂಚಾಂಗವಿದೆ, ಎತ್ತರಕ್ಕೆ ಇನ್ನೊಂದು. ಆಫ್ರಿಕಾದಿಂದ ಹಾರಿ ಬರುವ ಹಕ್ಕಿಗಳು ತಮ್ಮ ಮೈಯೊಳಗೇ ಮೂರನೆಯದೊಂದನ್ನು ಹೊತ್ತು ತರುತ್ತವೆ. ಈ ಮೂರೂ ಒಂದನ್ನೊಂದು ಸಂಧಿಸುವ ಕೆಲವು ವಾರಗಳೇ ಆ ಪ್ರವಾಸದ ಸರಿಯಾದ ಹೊತ್ತು.

ಮೊದಲು ಮಳೆ. ಕರ್ನಾಟಕದಲ್ಲಿ ಜೂನ್‌ ತಿಂಗಳಲ್ಲಿ ಮುಂಗಾರು ಹಿಡಿದರೆ ನೆಲ ಚಿಗುರುತ್ತದೆ. ಕ್ರೀಟ್‌ನಲ್ಲಿ ಜೂನ್ ಬಂತೆಂದರೆ ಮಳೆ ನಿಂತೇ ಹೋಗುತ್ತದೆ, ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ಹನಿಯೂ ಬೀಳುವುದಿಲ್ಲ. ಅಲ್ಲಿನ ಮಳೆಗಾಲ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಅಂದರೆ ಚಳಿಗಾಲದಲ್ಲಿ. ಬೇಸಿಗೆಯಲ್ಲಿ ಉಪೋಷ್ಣವಲಯದ ಅಧಿಕ ಒತ್ತಡದ ಪಟ್ಟಿ ಉತ್ತರಕ್ಕೆ ಸರಿದು ಮೆಡಿಟರೇನಿಯನ್ ಮೇಲೆ ಕೂರುತ್ತದೆ. ಅಲ್ಲಿ ಗಾಳಿ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಇಳಿಯುವ ಗಾಳಿ ಬಿಸಿಯಾಗಿ ಒಣಗುತ್ತದೆ, ಮೋಡ ಕಟ್ಟುವುದಿಲ್ಲ. ಚಳಿಗಾಲದಲ್ಲಿ ಆ ಪಟ್ಟಿ ದಕ್ಷಿಣಕ್ಕೆ ಹಿಂದೆ ಸರಿದಾಗ ಪಶ್ಚಿಮದಿಂದ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಬಂದು ಮಳೆ ಸುರಿಸುತ್ತವೆ. ಈ ಕತೆಯಲ್ಲಿ ನಮ್ಮ ಮುಂಗಾರಿನ ಕೈವಾಡವೂ ಇದೆ ಎಂಬುದು ಹಲವರಿಗೆ ತಿಳಿದಿಲ್ಲ. ದಕ್ಷಿಣ ಏಷ್ಯಾದ ಮೇಲೆ ಮುಂಗಾರಿನಲ್ಲಿ ಅಪಾರ ಪ್ರಮಾಣದ ಗಾಳಿ ಕಾದು ಮೇಲೇರುತ್ತದೆ. ಅದರ ಪ್ರಭಾವದಿಂದ ಪಶ್ಚಿಮ ದಿಕ್ಕಿನಲ್ಲಿ, ಸಹಾರಾ ಮತ್ತು ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಗಿಳಿಯುವುದು ಇನ್ನಷ್ಟು ಬಲವಾಗುತ್ತದೆ ಎಂದು ರಾಡ್‌ವೆಲ್ ಮತ್ತು ಹಾಸ್ಕಿನ್ಸ್ ಎಂಬ ಹವಾಮಾನ ವಿಜ್ಞಾನಿಗಳು 1996ರಲ್ಲಿ ತೋರಿಸಿದರು. ಆಗುಂಬೆಯಲ್ಲಿ ಮಳೆ ಹೊಯ್ಯುವ ದಿನಗಳಲ್ಲಿ ಕ್ರೀಟ್‌ನ ನೆಲ ಬಿರಿಯುವುದು ಕೇವಲ ಕಾಕತಾಳೀಯವಲ್ಲ.

ಗಿಡಗಳಿಗೆ ಇದರಿಂದ ಒಂದು ಇಕ್ಕಟ್ಟು. ನೀರಿರುವಾಗ ಬಿಸಿಲಿಲ್ಲ, ಬಿಸಿಲಿರುವಾಗ ನೀರಿಲ್ಲ. ಎರಡೂ ಸಾಕಷ್ಟು ಸಿಗುವುದು ಮಳೆ ಮುಗಿಯುವ ಮತ್ತು ಬರ ಆರಂಭವಾಗುವ ನಡುವಿನ ಸಂಧಿಕಾಲದಲ್ಲಿ ಮಾತ್ರ. ಅಷ್ಟರೊಳಗೆ ಹೂಬಿಟ್ಟು, ಬೀಜ ಕಟ್ಟಿ, ಮುಗಿಸಿಬಿಡಬೇಕು. ವಾರ್ಷಿಕ ಗಿಡಗಳು ಬೀಜ ಉದುರಿಸಿ ಸಾಯುತ್ತವೆ. ಟ್ಯುಲಿಪ್, ಕ್ರೋಕಸ್, ಅನಿಮೋನಿ, ಆರ್ಕಿಡ್‌ಗಳು ಆ ವರ್ಷದ ಗಳಿಕೆಯನ್ನೆಲ್ಲ ಗಡ್ಡೆಯಲ್ಲಿ ಕೂಡಿಟ್ಟು ನೆಲದಡಿ ಬೇಸಿಗೆ ಕಳೆಯುತ್ತವೆ. ಉತ್ತರ ಯುರೋಪಿನ ಗಿಡಗಳು ಚಳಿಗೆ ಹೆದರಿ ನಿದ್ರಿಸಿದರೆ ಇವು ಬಿಸಿಲಿಗೆ ಹೆದರಿ ನಿದ್ರಿಸುತ್ತವೆ. ಎಲ್ಲ ಗಿಡಗಳೂ ಕೆಲವೇ ವಾರಗಳಲ್ಲಿ ಹೂಬಿಡಲು ಮುಗಿಬೀಳುವುದರಿಂದಲೇ ಮೆಡಿಟರೇನಿಯನ್ ವಸಂತಕ್ಕೆ ಆ ಅಬ್ಬರ ಬಂದಿರುವುದು.

ಆದರೆ ಆ ಕೆಲವು ವಾರಗಳು ಎಲ್ಲ ಕಡೆಯೂ ಒಟ್ಟಿಗೆ ಬರುವುದಿಲ್ಲ. ಪ್ರತಿ ನೂರು ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 0.6 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕ್ರೀಟ್ ಸುಮಾರು 260 ಕಿಲೋಮೀಟರ್ ಉದ್ದದ ಕಿರಿದಾದ ದ್ವೀಪ, ಅದರ ಬೆನ್ನೆಲುಬಿನ ಉದ್ದಕ್ಕೂ ಸುಣ್ಣಕಲ್ಲಿನ ಬೆಟ್ಟಸಾಲುಗಳಿವೆ. ನಡುವಿನ ಪ್ಸಿಲೊರಿಟಿಸ್ ಶಿಖರದ ಎತ್ತರ 2,456 ಮೀಟರ್, ಪಶ್ಚಿಮದ ಲೆಫ್ಕಾ ಓರಿ ಸಾಲಿನ ಪಾಖ್ನೆಸ್ 2,453 ಮೀಟರ್. ಎರಡೂ ನಮ್ಮ ಮುಳ್ಳಯ್ಯನಗಿರಿಗಿಂತ ಐನೂರು ಮೀಟರ್ ಎತ್ತರ, ಮತ್ತು ಅವು ಏಳುವುದು ಸಮುದ್ರದ ಅಂಚಿನಿಂದಲೇ. ಹೀಗಾಗಿ ವಸಂತ ಫೆಬ್ರವರಿಯಲ್ಲಿ ಕಡಲತೀರದಲ್ಲಿ ಅನಿಮೋನಿಗಳೊಂದಿಗೆ ಆರಂಭವಾಗಿ, ಮಾರ್ಚ್‌ನಲ್ಲಿ ಆಲಿವ್ ತೋಟಗಳನ್ನು ಹಾದು, ಏಪ್ರಿಲ್‌ನಲ್ಲಿ ಪ್ರಸ್ಥಭೂಮಿಗಳನ್ನು ತಲುಪಿ, ಮೇ ಕೊನೆಗೆ ಶಿಖರದ ಹಿಮದಂಚಿಗೆ ಹೋಗಿ ಸೇರುತ್ತದೆ. ಒಂದೇ ಬೆಟ್ಟದಲ್ಲೂ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರು ಮುಂದಿರುತ್ತದೆ, ಉತ್ತರದ್ದು ಹಿಂದಿರುತ್ತದೆ. ಒಂದು ಕಡೆ ಹೂ ಬಾಡಿದ್ದರೆ ಊರು ಬದಲಿಸಬೇಕಿಲ್ಲ. ಇನ್ನೂರು ಮೀಟರ್ ಮೇಲೇರಿದರೆ, ಅಥವಾ ಅದೇ ಗುಡ್ಡದ ಆಚೆ ಬದಿಗೆ ನಡೆದರೆ ಸಾಕು.

ನನ್ನನ್ನು ಒಂದೇ ಜಾಗ ಆರಿಸಿ ಎಂದರೆ ನಾನು ಸ್ಪಿಲಿ ಹಳ್ಳಿಯ ಮೇಲಿನ ಗಿಯಸ್ ಕಾಂಬೊಸ್ ಬಯಲನ್ನು ಹೇಳುತ್ತೇನೆ. ಎತ್ತರ ಸುಮಾರು 750 ಮೀಟರ್. ಏಪ್ರಿಲ್ ನಡುವಿನಲ್ಲಿ ಅಲ್ಲಿನ ಹೊಲಗಳಲ್ಲಿ ಡೋಯರ್ಫ್ಲರಿ ಎಂಬ ಕೆಂಪು ಟ್ಯುಲಿಪ್ ಸಾವಿರಗಟ್ಟಲೆ ಅರಳುತ್ತದೆ. ಇದು ಕಾಡುಹೂವಾದರೂ ಬದುಕುವುದು ರೈತರ ಹೊಲದಲ್ಲಿ. ಹಗುರವಾದ ಹಳೆಯ ಕಾಲದ ಉಳುಮೆ ಗಡ್ಡೆಗಳನ್ನು ಕೊಲ್ಲದೆ ಅತ್ತಿತ್ತ ಹರಡುತ್ತದೆ. ಆಳವಾಗಿ ಉತ್ತರೆ ಅಥವಾ ಉಳುಮೆಯನ್ನೇ ಬಿಟ್ಟರೆ ಅವು ಕಡಿಮೆಯಾಗುತ್ತವೆ. ಬಯಲಿನ ಬದಿಯ ಚಿಕ್ಕ ದಿಬ್ಬಗಳ ಮೇಲೆ ಆರ್ಕಿಡ್‌ಗಳು. ಮನುಷ್ಯಾಕಾರದ ಗುಲಾಬಿ ಹೂಗಳ ಗೊಂಚಲಿರುವ ಆರ್ಕಿಸ್ ಇಟಾಲಿಕಾ, ನಾಲ್ಕು ಚುಕ್ಕೆಯ ಆರ್ಕಿಸ್, ಹಳದಿಯ ಆರ್ಕಿಸ್ ಪೌಸಿಫ್ಲೋರಾ ಎಲ್ಲವೂ ಕೆಲವು ಹೆಜ್ಜೆಗಳ ಅಂತರದಲ್ಲಿ ಸಿಗುತ್ತವೆ. ಒಮಾಲೊಸ್‌ನಲ್ಲಾದರೆ ಹಳದಿ ಒಡಲಿನ ನಸುನೇರಳೆ ಟ್ಯುಲಿಪ್ ಇದೆ. ಪ್ಸಿಲೊರಿಟಿಸ್ ಮಡಿಲಿನ ನಿಡಾ ಪ್ರಸ್ಥಭೂಮಿ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮೇಲೆ ಹಿಮ ಕರಗಿದ ನೆಲ ಇನ್ನೂ ಒದ್ದೆಯಾಗಿರುವಾಗಲೇ ಬಿಳಿ ಕ್ರೋಕಸ್‌ಗಳು, ನಸುನೀಲಿಯ ಕಿಯೊನೊಡಾಕ್ಸಾ ಹೂಗಳು ಏಳುತ್ತವೆ. ಹಿಮದ ಅಂಚು ದಿನದಿನಕ್ಕೆ ಹಿಂದೆ ಸರಿದಂತೆ ಅವು ಅದರ ಬೆನ್ನು ಹತ್ತಿ ಮೇಲೆ ಹೋಗುತ್ತವೆ.

ಕ್ರೀಟ್‌ನಲ್ಲಿ ಸಹಜವಾಗಿ ಬೆಳೆಯುವ ಗಿಡಗಳ ಜಾತಿಗಳಲ್ಲಿ ಸುಮಾರು ಹತ್ತನೇ ಒಂದು ಭಾಗ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಸುಮಾರು 50 ಲಕ್ಷ ವರ್ಷಗಳಿಂದ ಸಮುದ್ರ ಈ ದ್ವೀಪವನ್ನು ಸುತ್ತುವರಿದಿದೆ, ದ್ವೀಪದೊಳಗೆ ಒಂದೊಂದು ಶಿಖರವೂ ಮತ್ತೊಂದು ದ್ವೀಪದಂತಿದೆ. ಇದರ ಮೇಲೆ ಆಡುಗಳ ಕಾಟ. ಮನುಷ್ಯ ಆಡು, ಕುರಿಗಳನ್ನು ತಂದು ಸಾವಿರಾರು ವರ್ಷಗಳಾದವು. ಕ್ರೀಟ್‌ನ ಗುಡ್ಡಗಳ ಮೇಲೆ ಕಣ್ಣು ಹಾಯಿಸಿದರೆ ಕಾಣುವುದೆಲ್ಲ ಆಡಿನ ಬಾಯಿಗೆ ಕೊಟ್ಟ ಉತ್ತರವೇ. ಫ್ರಿಗಾನಾ ಎಂದು ಕರೆಯುವ ಮೊಣಕಾಲೆತ್ತರದ ಪೊದೆಗಾಡಿನಲ್ಲಿ ಒಂದು ಗಿಡಕ್ಕೆ ಮುಳ್ಳು, ಇನ್ನೊಂದಕ್ಕೆ ವಿಷದ ಹಾಲು, ಮತ್ತೊಂದಕ್ಕೆ ನಾಲಿಗೆ ಸುಡುವ ಎಣ್ಣೆ. ಥೈಮ್, ಸೇಜ್‌ಗಳ ಪರಿಮಳ ನಮಗೆ ಹಿತ, ಮೇಯುವ ಪ್ರಾಣಿಗೆ ಎಚ್ಚರಿಕೆ. ಆಡು ಮುಟ್ಟದ ಆಸ್ಫೊಡೆಲ್ ರಸ್ತೆಬದಿಯ ಉದ್ದಕ್ಕೂ ಸೈನಿಕರ ಸಾಲಿನಂತೆ ನಿಂತಿರುತ್ತದೆ. ಮುಳ್ಳೂ ಇಲ್ಲದ, ವಿಷವೂ ಇಲ್ಲದ ರುಚಿಯಾದ ಗಿಡಗಳಿಗೆ ಉಳಿದಿರುವ ಜಾಗ ಒಂದೇ, ಕಮರಿಯ ನೇರ ಗೋಡೆ. ಕ್ರೀಟ್‌ನ ಅಪರೂಪದ ಗಿಡಗಳಲ್ಲಿ ಬಹಳಷ್ಟು ಬಂಡೆ ಬಿರುಕಿನಲ್ಲಿ ಬೇರುಬಿಟ್ಟಿರುವುದಕ್ಕೆ ಇದೂ ಒಂದು ಕಾರಣ. ಡಿಕ್ಟಮೊ ಎಂಬ ತುಪ್ಪಳದೆಲೆಯ ಔಷಧಿ ಗಿಡವನ್ನು ಕೀಳಲು ಜನ ಪ್ರಾಣದ ಹಂಗು ತೊರೆದು ಬಂಡೆ ಹತ್ತುತ್ತಿದ್ದರು. ಈಗ ಅದನ್ನು ಹೊಲದಲ್ಲೇ ಬೆಳೆಸುತ್ತಾರೆ.

ಕಮರಿಗಳ ನೆರಳಿನಲ್ಲಿ ಏಪ್ರಿಲ್ ಕೊನೆಯಿಂದ ಡ್ರಾಕುಂಕ್ಯುಲಸ್ ಅರಳುತ್ತದೆ. ಮೊಳದುದ್ದದ ಕಡುಗೆಂಪು ಹಾಳೆಯೊಳಗಿನಿಂದ ಕಪ್ಪು ದಿಂಡು ಮೇಲೆದ್ದಿರುತ್ತದೆ. ಹತ್ತಿರ ಹೋದರೆ ಕೊಳೆತ ಮಾಂಸದ ನಾತ. ಹಿತ್ತಲಲ್ಲಿ ಸುವರ್ಣಗಡ್ಡೆ ಹೂಬಿಟ್ಟಾಗ ಮನೆಯವರೆಲ್ಲ ಸತ್ತ ಇಲಿ ಹುಡುಕಿದ ಅನುಭವ ನಮ್ಮಲ್ಲಿ ಹಲವರಿಗೆ ಇರಬಹುದು. ಎರಡೂ ಒಂದೇ ಕುಟುಂಬದ ಗಿಡಗಳು, ಎರಡರದ್ದೂ ಹೆಣದ ಮೇಲೆ ಮೊಟ್ಟೆಯಿಡುವ ಕೀಟಗಳನ್ನು ಮೋಸಗೊಳಿಸುವ ಒಂದೇ ತಂತ್ರ.

ಇನ್ನೂ ನಯವಾದ ಮೋಸ ಒಫ್ರಿಸ್ ಆರ್ಕಿಡ್‌ಗಳದ್ದು. ಇಡೀ ಪ್ರವಾಸದಲ್ಲಿ ಒಂದೇ ಹೂವಿನ ಮುಂದೆ ಅರ್ಧ ದಿನ ಕಳೆಯಬೇಕಾದರೆ ಅದು ಇದೇ ಆಗಿರಲಿ ಎಂದು ನಾನು ಹೇಳುವೆ. ಮಲೆನಾಡಿನವರಿಗೆ ಆರ್ಕಿಡ್ ಎಂದರೆ ಮರದ ಕೊಂಬೆಯಿಂದ ತೂಗುವ ಸೀತಾಳೆ ದಂಡೆ. ಕ್ರೀಟ್‌ನಲ್ಲಿ ಆರ್ಕಿಡ್‌ಗಳೆಲ್ಲ ನೆಲದವು, ಹೆಚ್ಚಿನವು ಗೇಣುದ್ದ ಮಾತ್ರ. ಒಫ್ರಿಸ್ ಹೆಲ್ಡ್ರೈಖಿ ಎಂಬುದನ್ನು ನೋಡಬೇಕಾದರೆ ಮೊಣಕಾಲೂರಿ, ಭೂತಗನ್ನಡಿ ಹಿಡಿಯಬೇಕು. ಮೇಲೆ ಮೂರು ಗುಲಾಬಿ ಪುಷ್ಪಪತ್ರಗಳು. ಅವುಗಳ ಕೆಳಗೆ ಉಬ್ಬಿದ ಕಂದು ಬಣ್ಣದ ತುಟಿ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು. ಅದರ ಅಂಚಿಗೆ ದಟ್ಟ ತುಪ್ಪಳ, ನಡುವೆ ನುಣುಪಾದ ಹೊಳೆಯುವ ಫಲಕ, ಫಲಕದ ಸುತ್ತ ಕೆನೆಬಣ್ಣದ ಗೆರೆ. ಭುಜಗಳಿರಬೇಕಾದ ಕಡೆ ಎರಡು ರೋಮಭರಿತ ಗುಬ್ಬಿಗಳು. ಬರಿಗಣ್ಣಿಗೆ ಹೂವಿನ ಮೇಲೆ ಜೇನೊಂದು ತಲೆ ಹುದುಗಿಸಿ ಕೂತಿದೆ ಎನಿಸುತ್ತದೆ. ಆದರೆ ಅಲ್ಲಿ ಜೇನೂ ಇಲ್ಲ, ಮಕರಂದವೂ ಇಲ್ಲ.

ಈ ಹೂವು ಕರೆಯುವುದು ಹೊಟ್ಟೆ ಹಸಿದ ಜೇನನ್ನಲ್ಲ, ಹೆಣ್ಣನ್ನು ಹುಡುಕುವ ಗಂಡು ಜೇನನ್ನು. ಗೂಡು ಕಟ್ಟಿ ಗುಂಪಾಗಿ ಬಾಳುವ ಜೇನುಗಳ ಮಾತಲ್ಲ ಇದು. ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಬದುಕುವ ಜೇನುಗಳಲ್ಲಿ ಗಂಡುಗಳು ಹೆಣ್ಣುಗಳಿಗಿಂತ ಕೆಲವು ದಿನ ಮುಂಚೆಯೇ ಹೊರಬಂದು ಕಾಯುತ್ತವೆ. ಒಫ್ರಿಸ್ ಅರಳುವುದು ಸರಿಯಾಗಿ ಆ ಕೆಲವು ದಿನಗಳಲ್ಲಿ. ಹೆಣ್ಣಿನ ಮೈಗಂಧವನ್ನೇ ಹೋಲುವ ವಾಸನೆಯನ್ನು ಹೂವು ಬಿಡುತ್ತದೆ. ಗಂಡು ಹಾರಿ ಬಂದು ತುಟಿಯನ್ನು ಹಿಡಿದು ಕೂಡಲು ಯತ್ನಿಸುತ್ತದೆ. ಆ ತಿಣುಕಾಟದಲ್ಲಿ ಹಳದಿ ಪರಾಗದ ಎರಡು ಪುಟ್ಟ ಗದೆಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ತುಟಿಯ ಕೂದಲು ಯಾವ ದಿಕ್ಕಿಗೆ ಬಾಗಿದೆ ಎನ್ನುವುದರ ಮೇಲೆ ಜೇನು ಯಾವ ಕಡೆ ತಲೆ ಮಾಡುತ್ತದೆ ಎಂಬುದು ನಿರ್ಧಾರವಾಗುತ್ತದೆ. ಹೆಲ್ಡ್ರೈಖಿಯಲ್ಲಿ ಪರಾಗ ಅಂಟುವುದು ತಲೆಗೆ. ನೀಲಿ ಮಿಂಚಿನ ಒಫ್ರಿಸ್ ಇರಿಕಲರ್‌ನಲ್ಲಿ ಜೇನು ತಲೆಕೆಳಗಾಗಿ ಕೂರುವುದರಿಂದ ಅಂಟುವುದು ಹಿಂಬದಿಗೆ. ಎರಡು ಜಾತಿಗಳು ಒಂದೇ ದಿಬ್ಬದಲ್ಲಿ ಅರಳಿದರೂ ಪರಾಗ ಬೆರೆಯದಿರಲು ಇದೂ ನೆರವಾಗುತ್ತದೆ.

ಡಾರ್ವಿನ್‌ಗೆ ಆರ್ಕಿಡ್‌ಗಳೆಂದರೆ ಪ್ರಾಣ, ಆದರೂ ಜೇನಿನ ಆಕಾರದ ಈ ಹೂವುಗಳ ಉದ್ದೇಶ ಅವರಿಗೆ ಬಿಡಿಸಲಾಗದ ಒಗಟಾಗಿಯೇ ಉಳಿಯಿತು. ಒಗಟು ಬಿಡಿಸಿದವರು ಆಲ್ಜೀರಿಯಾದಲ್ಲಿ ನ್ಯಾಯಾಧೀಶರಾಗಿದ್ದ ಪುಯಾನ್. ವರ್ಷಗಟ್ಟಲೆ ಹೂಗಳ ಬಳಿ ಕೂತು ನೋಡಿ, ಸ್ವಿಸ್ ಸಸ್ಯತಜ್ಞ ಕೊರೆವೊನ್ ಜೊತೆಗೂಡಿ 1916ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹೂವು ಕೀಟದೊಡನೆ ಇಂಥ ಆಟ ಆಡುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ಬಹಳ ಜನರಿಗೆ ಹೊತ್ತು ಹಿಡಿಯಿತು. ವಾಸನೆಯ ರಸಾಯನಶಾಸ್ತ್ರ ಗೊತ್ತಾದದ್ದು ಇನ್ನೂ ತಡವಾಗಿ. ಶೀಸ್ಟಲ್ ಮತ್ತು ಸಂಗಡಿಗರು 1999ರಲ್ಲಿ ಒಫ್ರಿಸ್ ಸ್ಫೆಗೋಡೆಸ್ ಎಂಬ ಜಾತಿಯನ್ನು ಪರೀಕ್ಷಿಸಿದಾಗ, ಅದರ ಮೇಣದ ಹೊದಿಕೆಯಲ್ಲಿರುವ ಹೈಡ್ರೋಕಾರ್ಬನ್‌ಗಳ ಮಿಶ್ರಣ ಆಂಡ್ರೆನಾ ಎಂಬ ಜೇನಿನ ಹೆಣ್ಣುಗಳ ಗಂಧದ ಮಿಶ್ರಣಕ್ಕೆ ಹೊಂದುತ್ತದೆ ಎಂದು ಕಂಡುಬಂತು. ಪರಾಗಸ್ಪರ್ಶ ಆದ ಮೇಲೆ ಅದೇ ಹೂವು ವಾಸನೆ ಬದಲಿಸುತ್ತದೆ. ಆಗಲೇ ಗಂಡಿನೊಡನೆ ಕೂಡಿದ ಹೆಣ್ಣು ಜೇನು ಬೇರೆ ಗಂಡುಗಳನ್ನು ದೂರವಿಡಲು ಹೊರಡಿಸುವ ವಸ್ತುವನ್ನೇ ಹೂವೂ ಹೆಚ್ಚಾಗಿ ಹೊರಡಿಸತೊಡಗುತ್ತದೆ. ಗಂಡು ಜೇನು ಆ ಹೂವನ್ನು ಬಿಟ್ಟು ಅದೇ ದಂಟಿನ ಪಕ್ಕದ ಹೊಸ ಹೂವಿನ ಕಡೆ ತಿರುಗುತ್ತದೆ. ಇದನ್ನು ತಿಳಿದ ಮೇಲೆ ಒಂದು ಗೇಣಿನ ಆ ಗಿಡವನ್ನು ನೋಡುವ ನನ್ನ ಕಣ್ಣೇ ಬದಲಾಯಿತು.

ಕ್ರೀಟ್‌ನಲ್ಲಿ ಒಟ್ಟು ಎಷ್ಟು ಬಗೆಯ ಆರ್ಕಿಡ್‌ಗಳಿವೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಒಫ್ರಿಸ್‌ಗಳನ್ನು ಕೆಲವರು ಕೀಟಕ್ಕೊಂದು ಜಾತಿಯಾಗಿ ವಿಂಗಡಿಸುತ್ತಾರೆ, ಕೆಲವರು ಕೆಲವೇ ಜಾತಿಗಳಲ್ಲಿ ಅಡಗಿಸುತ್ತಾರೆ. ಮೊದಲ ಸಲ ಹೋಗುವವರು ಈ ಜಗಳಕ್ಕೆ ತಲೆಹಾಕುವ ಅಗತ್ಯವಿಲ್ಲ.

ಈಗ ಹಕ್ಕಿಗಳು. ಮಳೆಯ ಪಂಚಾಂಗ, ಎತ್ತರದ ಪಂಚಾಂಗ ಎರಡೂ ನೆಲದವು. ವಲಸೆ ಹಕ್ಕಿಯದು ಒಳಗಿನದು. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಚಳಿಗಾಲ ಕಳೆಯುವ ಹಕ್ಕಿಗೆ ಹಗಲಿನ ಉದ್ದದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ, ಯುರೋಪಿನಲ್ಲಿ ಚಿಗುರೊಡೆದಿದೆಯೇ ಎಂದು ತಿಳಿಯುವ ದಾರಿಯೂ ಇಲ್ಲ. ಆದರೂ ಮೈಯೊಳಗಿನ ವಾರ್ಷಿಕ ಗಡಿಯಾರ ಹೊರಡು ಎನ್ನುತ್ತದೆ. ಹಕ್ಕಿ ತಿಂದು ಕೊಬ್ಬು ತುಂಬಿಕೊಳ್ಳುತ್ತದೆ. ಸಹಾರಾ ದಾಟುವ ಮುಂಚೆ ಕೆಲವು ಪುಟ್ಟ ಹಕ್ಕಿಗಳ ತೂಕ ಇಮ್ಮಡಿಯ ಹತ್ತಿರಕ್ಕೆ ಹೋಗುತ್ತದೆ. ಮರುಭೂಮಿ ಮುಗಿಯಿತು ಎನ್ನುವಷ್ಟರಲ್ಲಿ ಸಮುದ್ರ. ಲಿಬಿಯಾ ತೀರದಿಂದ ಕ್ರೀಟ್‌ಗೆ ಸುಮಾರು 300 ಕಿಲೋಮೀಟರ್, ನಡುವೆ ಕೂರಲು ಕೊಂಬೆಯಿಲ್ಲ. ನೊಣಹಿಡುಕ, ಉಲಿಯಕ್ಕಿಗಳಂಥ ಸಣ್ಣವು ಬಹುಪಾಲು ರಾತ್ರಿ ಹಾರುತ್ತವೆ, ರಾತ್ರಿಯಿಡೀ ರೆಕ್ಕೆ ಬಡಿದು ಬೆಳಗಿನ ಹೊತ್ತಿಗೆ ಕಾಣುವ ಮೊದಲ ನೆಲವೇ ಕ್ರೀಟ್‌ನ ದಕ್ಷಿಣ ತೀರ.

ಇಲ್ಲಿ ಒಂದು ವಿಚಿತ್ರವಿದೆ. ಆಕಾಶ ತಿಳಿಯಾಗಿ, ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಹಕ್ಕಿಗಳು ಕ್ರೀಟ್‌ನಲ್ಲಿ ಇಳಿಯದೆ ಮುಂದಕ್ಕೆ ಹಾರಿಬಿಡುತ್ತವೆ. ಅಂಥ ಸುಂದರ ಬೆಳಗಿನಲ್ಲಿ ಪೊದೆಗಳು ಖಾಲಿ. ರಾತ್ರಿ ಎದುರು ಗಾಳಿ ಎದ್ದು ಮಳೆ ಸುರಿದರೆ ದಣಿದ ಹಕ್ಕಿಗಳು ಸಿಕ್ಕ ಮೊದಲ ಮರಕ್ಕೆ ಬಂದು ಬೀಳುತ್ತವೆ. ಮರುದಿನ ತೀರದ ಒಂದೊಂದು ಅಂಜೂರದ ಮರದಲ್ಲೂ ಹೊನ್ನಕ್ಕಿ, ಕಪ್ಪುಬಿಳುಪಿನ ನೊಣಹಿಡುಕ, ನೆಲದಲ್ಲಿ ಚಂದ್ರಮುಕುಟ. ಸಹಾರಾದಿಂದ ಧೂಳು ಹೊತ್ತು ತರುವ ದಕ್ಷಿಣ ಗಾಳಿಯೂ ವಸಂತದಲ್ಲಿ ಆಗಾಗ ಬೀಸುತ್ತದೆ. 2018ರ ಮಾರ್ಚ್‌ನಲ್ಲಿ ಅದರಿಂದ ಕ್ರೀಟ್‌ನ ಹಗಲಿನ ಆಕಾಶವೇ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆದ್ದರಿಂದ ಹವಾಮಾನ ಕೆಟ್ಟಿತೆಂದು ಕೋಣೆಯಲ್ಲಿ ಕೂರಬೇಡಿ. ಮಳೆ ನಿಂತ ಕೂಡಲೇ ತೀರಕ್ಕೆ ಹೋಗಿ, ಬೆಟ್ಟವನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಎಲ್ಲ ಹಕ್ಕಿಗಳೂ ಈ ದಾರಿ ಹಿಡಿಯುವುದಿಲ್ಲ. ಕೊಕ್ಕರೆಗಳೂ ಅಗಲ ರೆಕ್ಕೆಯ ದೊಡ್ಡ ಹದ್ದುಗಳೂ ನೆಲದಿಂದ ಏಳುವ ಬಿಸಿಗಾಳಿಯನ್ನು ನೆಚ್ಚಿ ತೇಲುತ್ತವೆ. ಸಮುದ್ರದ ಮೇಲೆ ಆ ಬಿಸಿಗಾಳಿ ಏಳುವುದಿಲ್ಲ. ಅವು ಜಿಬ್ರಾಲ್ಟರ್ ಅಥವಾ ಬಾಸ್ಫೊರಸ್‌ನಂಥ ಕಿರಿದಾದ ಜಲಸಂಧಿಗಳನ್ನು ಸುತ್ತಿ ಹೋಗುತ್ತವೆ. ರೆಕ್ಕೆ ಬಡಿದು ಹಾರಬಲ್ಲ ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು, ಚಾಣಗಳು ಸಮುದ್ರಕ್ಕೆ ಅಂಜುವುದಿಲ್ಲ. ಏಪ್ರಿಲ್‌ನಲ್ಲಿ ಒಮಾಲೊಸ್ ಬಯಲಿನ ಮೇಲೆ ತಗ್ಗಿ ಹಾರುವ ಬಿಳಿಬೂದು ಬಣ್ಣದ ಗಂಡು ಹ್ಯಾರಿಯರ್ ಕಂಡರೆ ಬೆಂಗಳೂರಿನ ಹಕ್ಕಿ ವೀಕ್ಷಕರಿಗೆ ಹೆಸರಘಟ್ಟದ ಹುಲ್ಲುಗಾವಲು ನೆನಪಾಗದಿರದು. ಜಾತಿ ಅದೇ, ಬಳಗ ಬೇರೆ. ನಮ್ಮಲ್ಲಿಗೆ ಚಳಿಗಾಲಕ್ಕೆ ಬರುವವು ಕಜಾಕಸ್ತಾನದ ಕಡೆಯವು, ಕ್ರೀಟ್ ಹಾದುಹೋಗುವವು ಆಫ್ರಿಕಾದಿಂದ ಬಂದವು. ಕಮರಿಯ ಬಂಡೆಯ ಮೇಲೆ ಹಾಡುವ ಬ್ಲೂ ರಾಕ್ ಥ್ರಷ್ ಕೂಡ ಪಶ್ಚಿಮ ಘಟ್ಟದವರಿಗೆ ಚಳಿಗಾಲದ ಪರಿಚಿತ ಅತಿಥಿ. ಕ್ರೀಟ್‌ನಲ್ಲಿ ಅದು ವರ್ಷವಿಡೀ ಇರುತ್ತದೆ, ವಸಂತದಲ್ಲಿ ಅದರ ಹಾಡು ಕೇಳಿಸುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ಮೌನಿ. ಏಪ್ರಿಲ್ ನಡುವಿನಿಂದ ಬಣ್ಣಬಣ್ಣದ ಯುರೋಪಿನ ಕಳ್ಳಿಪೀರಗಳು ಹಗಲಿನಲ್ಲೇ ಗುಂಪುಗುಂಪಾಗಿ ಬರುತ್ತವೆ. ಮೊದಲು ಕೇಳುವುದು ಅವುಗಳ ಗುಳುಗುಳು ಕೂಗು, ಆಮೇಲೆ ತಲೆಯೆತ್ತಿ ಹುಡುಕಬೇಕು.

ಇಲ್ಲಿಯೇ ನೆಲೆನಿಂತ ದೊಡ್ಡ ಹಕ್ಕಿಗಳೆಂದರೆ ರಣಹದ್ದುಗಳು. ಗ್ರಿಫನ್ ರಣಹದ್ದು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಬದುಕಿರುವ ದ್ವೀಪ ಜಗತ್ತಿನಲ್ಲಿ ಇನ್ನೊಂದಿಲ್ಲ. ಅವುಗಳನ್ನು ಉಳಿಸಿದ್ದು ಗುಡ್ಡದಲ್ಲಿ ಸಾಯುವ ಕುರಿ, ಆಡುಗಳು. ಪೊದೆಗಾಡನ್ನು ಬೋಳಿಸಿದ ಅದೇ ಹಿಂಡುಗಳ ಮೇಲೆ ರಣಹದ್ದಿನ ಹೊಟ್ಟೆ ನಿಂತಿದೆ. ಪ್ರಕೃತಿ ಪ್ರಿಯರು ಆಡನ್ನು ಸುಮ್ಮನೆ ಶಪಿಸುವಾಗ ಇದನ್ನು ಮರೆಯುತ್ತಾರೆ. ಗ್ರಿಫನ್ ನೋಡಲು ಬೆಳಗಿನ ಜಾವ ಏಳಬೇಕಿಲ್ಲ. ಬಂಡೆ ಕಾದು ಬಿಸಿಗಾಳಿ ಏಳುವವರೆಗೆ ಅವು ಗೂಡು ಬಿಡುವುದಿಲ್ಲ. ಸ್ಪಿಲಿಯ ದಕ್ಷಿಣಕ್ಕಿರುವ ಕುರ್ತಾಲಿಯೊಟಿಕೊ ಕಮರಿಯಲ್ಲಿ ಬೆಳಿಗ್ಗೆ ಹತ್ತರ ಸುಮಾರಿಗೆ ನಿಂತರೆ ಸಾಕು. ಒಂದು ಏಳುತ್ತದೆ, ಅದು ಎಲ್ಲಿ ಸುತ್ತುತ್ತಿದೆ ಎಂದು ನೋಡಿ ಉಳಿದವು ಅಲ್ಲಿಗೇ ಹೋಗುತ್ತವೆ.

ಗಡ್ಡದ ರಣಹದ್ದು ಅಪರೂಪದ್ದು. ಗ್ರೀಸ್‌ನಲ್ಲಿ ಇಂದು ಅದು ಮರಿಮಾಡುವುದು ಕ್ರೀಟ್‌ನಲ್ಲಿ ಮಾತ್ರ, ಅದೂ ಕೈಬೆರಳೆಣಿಕೆಯ ಜೋಡಿಗಳು. ಹಿಮಾಲಯದಲ್ಲಿ ಚಾರಣ ಮಾಡಿದವರು ಇದನ್ನು ಕಂಡಿರಬಹುದು. ಗ್ರಿಫನ್ನಿನ ರೆಕ್ಕೆ ಹಲಗೆಯಂತೆ ಅಗಲ. ಇದರದು ನೀಳ, ತುದಿ ಚೂಪು, ಬಾಲ ಬೆಣೆಯಂತೆ ಉದ್ದ. ರೆಕ್ಕೆಯ ತುದಿಯಿಂದ ತುದಿಗೆ ಎರಡೂವರೆ ಮೀಟರ್ ಆಚೀಚೆ. ಇದರ ಮುಖ್ಯ ಆಹಾರ ಮೂಳೆ. ಬೇರೆಲ್ಲ ಹಕ್ಕಿಗಳು ತಿಂದು ಹೋದ ಮೇಲೆ ಇದು ಬರುತ್ತದೆ. ಚಿಕ್ಕ ಮೂಳೆಯನ್ನು ಇಡಿಯಾಗಿ ನುಂಗುತ್ತದೆ. ದೊಡ್ಡದನ್ನು ಕಾಲಲ್ಲಿ ಹಿಡಿದು ಮೇಲೇರಿ, ತನಗೆ ರೂಢಿಯಾದ ಒಂದು ಬಂಡೆಹಾಸಿನ ಮೇಲೆ ಬೀಳಿಸುತ್ತದೆ, ಇಳಿದು ನೋಡುತ್ತದೆ. ಒಡೆಯದಿದ್ದರೆ ಮತ್ತೆ ಎತ್ತಿಕೊಂಡು ಹೋಗುತ್ತದೆ. ಅಂಥ ಬಂಡೆಯ ಕೆಳಗೆ ವರ್ಷಗಳ ಮೂಳೆಚೂರುಗಳು ಬಿದ್ದಿರುತ್ತವೆ. ಅದರ ಜಠರದ ಆಮ್ಲ ಎಷ್ಟು ತೀಕ್ಷ್ಣವೆಂದರೆ ಮೂಳೆ ಒಂದು ದಿನದೊಳಗೆ ಕರಗಿಹೋಗುತ್ತದೆ. ಇದರ ಪಂಚಾಂಗವೂ ಬೇರೆ. ಮೊಟ್ಟೆಯಿಡುವುದು ನಡುಚಳಿಗಾಲದಲ್ಲಿ, ಡಿಸೆಂಬರ್, ಜನವರಿಯ ಹೊತ್ತಿಗೆ. ಚಳಿಗೆ ಸತ್ತ ಪ್ರಾಣಿಗಳು ಹಿಮ ಕರಗಿ ಹೊರಗೆ ಕಾಣುವ ಸಮಯಕ್ಕೆ ಗೂಡಿನಲ್ಲಿ ಮರಿ ಬಾಯಿ ತೆರೆದಿರುತ್ತದೆ. ಪ್ರವಾಸಿಗರು ಬರುವ ಏಪ್ರಿಲ್‌ನಲ್ಲಿ ಮರಿ ಇನ್ನೂ ಹಾರಿರುವುದಿಲ್ಲ. ಗೂಡಿನ ಎದುರು ಬದಿಯಲ್ಲಿ ಗುಂಪುಗಟ್ಟಿ ನಿಲ್ಲುವುದು ಅದಕ್ಕೆ ಕಂಟಕ.

ರಣಹದ್ದುಗಳಿಗೆ ಅಲ್ಲಿನ ದೊಡ್ಡ ಅಪಾಯ ವಿಷ. ಇತರ ಪ್ರಾಣಿಗಳನ್ನು ಕೊಲ್ಲಲು ಮಾಂಸಕ್ಕೆ ಬೆರೆಸಿದ ವಿಷ ಹದ್ದಿನ ಹೊಟ್ಟೆ ಸೇರುತ್ತದೆ. ನಮ್ಮಲ್ಲಿ ಕೊಂದದ್ದು ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ. ಭಾರತ 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿತು, ರಾಮನಗರದ ರಾಮದೇವರಬೆಟ್ಟ 2012ರಲ್ಲಿ ರಣಹದ್ದು ಧಾಮವಾಯಿತು. ಇಷ್ಟೆಲ್ಲ ತಿಳಿದ ಮೇಲೂ ಸ್ಪೇನ್ 2013ರಲ್ಲಿ ಅದೇ ಔಷಧವನ್ನು ಜಾನುವಾರುಗಳಿಗೆ ಬಳಸಲು ಅನುಮತಿ ನೀಡಿತು. ಈ ನಿರ್ಧಾರ ನನಗೆ ಇಂದಿಗೂ ಅರಗುವುದಿಲ್ಲ.

ಪ್ರವಾಸ ಹೊಂದಿಸುವ ಬಗೆ ಈಗ ಸುಲಭವಾಗಿ ಹೊಳೆಯುತ್ತದೆ. ಏಪ್ರಿಲ್ 10ರಿಂದ 30ರ ನಡುವೆ ಹತ್ತು ದಿನ ಸಿಕ್ಕರೆ ಉತ್ತಮ. ಮಾರ್ಚ್‌ನಲ್ಲಿ ಹೋದರೆ ಹೂವಿಗೆ ತೀರದಲ್ಲೇ ಉಳಿಯಿರಿ, ಮೇ ತಿಂಗಳಾದರೆ ನಿಡಾದಂಥ ಎತ್ತರಕ್ಕೆ ಹೋಗಿ. ಸ್ಪಿಲಿಯಲ್ಲಿ ಅಥವಾ ದಕ್ಷಿಣ ತೀರದ ಪ್ಲಾಕಿಯಾಸ್‌ನಲ್ಲಿ ಕೆಲವು ರಾತ್ರಿ, ಹನಿಯಾದಲ್ಲಿ ಕೆಲವು ರಾತ್ರಿ ತಂಗಿದರೆ ಎಲ್ಲ ಎತ್ತರಗಳೂ ಕೈಗೆಟಕುತ್ತವೆ. ಬೆಳಗಿನ ಮೊದಲ ಗಂಟೆಗಳು ತೀರದ ಹಕ್ಕಿಗಳಿಗೆ, ಹತ್ತರ ನಂತರ ಕಮರಿಯ ರಣಹದ್ದುಗಳಿಗೆ, ಮಧ್ಯಾಹ್ನ ಹೂವಿಗೆ. ಟ್ಯುಲಿಪ್‌ಗಳು ಬಿಸಿಲು ಬಿದ್ದ ಮೇಲೆಯೇ ಪೂರ್ತಿ ಬಿರಿಯುವುದು, ಒಂಟಿ ಜೇನುಗಳೂ ಬಿಸಿಲು ಏರಿದಾಗಲೇ ಓಡಾಡುವುದು. ಹನಿಯಾ ಬಳಿಯ ಅಗಿಯಾ ಕೆರೆಯ ಜೊಂಡಿನಲ್ಲಿ ವಲಸೆ ನೀರ್ಕೋಳಿಗಳು ಅಡಗಿರುತ್ತವೆ, ಸಂಜೆಗೆ ಅದು ಒಳ್ಳೆಯ ಜಾಗ. 8 ಪಟ್ಟು ಹಿಗ್ಗಿಸುವ ದುರ್ಬೀನು, 10 ಪಟ್ಟಿನ ಮಡಚುವ ಭೂತಗನ್ನಡಿ, ಬೆಚ್ಚನೆಯ ಜಾಕೆಟ್ ಇಷ್ಟು ಬೇಕೇ ಬೇಕು. 16 ಕಿಲೋಮೀಟರ್ ನಡಿಗೆಯ ಪ್ರಸಿದ್ಧ ಸಮರಿಯಾ ಕಮರಿ ಸಾಮಾನ್ಯವಾಗಿ ಮೇ 1ಕ್ಕೆ ತೆರೆಯುತ್ತದೆ. ಏಪ್ರಿಲ್‌ನಲ್ಲಿ ಅದರ ಬದಲು ಇಂಬ್ರೊಸ್ ಕಮರಿಯಲ್ಲಿ ನಡೆಯಬಹುದು, ಜನಜಂಗುಳಿಯೂ ಕಡಿಮೆ.

ಹೂವಿನ ಬಳಿ ಮೊಣಕಾಲೂರುವ ಮುಂಚೆ ನೆಲ ನೋಡಿ. ಅರಳಿದ ಒಂದು ಆರ್ಕಿಡ್‌ನ ಸುತ್ತ ಎಲೆಯಷ್ಟೇ ಇರುವ ಹತ್ತು ಎಳೆಯವು ಇರುತ್ತವೆ. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಆಹಾರದ ಗಂಟಿಲ್ಲ. ಮಣ್ಣಿನ ಒಂದು ಶಿಲೀಂಧ್ರ ಉಣಿಸಿದರೆ ಮಾತ್ರ ಮೊಳೆಯುತ್ತದೆ, ಹೂಬಿಡಲು ವರ್ಷಗಳೇ ಬೇಕು. ಕಿತ್ತು ಕುಂಡದಲ್ಲಿಟ್ಟರೆ ಬದುಕುವುದಿಲ್ಲ. ಪೂರ್ವ ಮೆಡಿಟರೇನಿಯನ್‌ನಲ್ಲಿ ಇವುಗಳ ಗಡ್ಡೆಯನ್ನು ಒಣಗಿಸಿ ಪುಡಿಮಾಡಿ ಸಾಲೆಪ್ ಎಂಬ ಬಿಸಿ ಪಾನೀಯ ಮಾಡುತ್ತಾರೆ, ಒಂದು ಕಿಲೋ ಪುಡಿಗೆ ಸಾವಿರಕ್ಕೂ ಹೆಚ್ಚು ಗಡ್ಡೆಗಳು ಹೋಗುತ್ತವೆ. ನಮ್ಮ ಗ್ರಂಥಿಗೆ ಅಂಗಡಿಗಳ ಸಾಲಂ ಮಿಶ್ರಿಯೂ ಇಂಥದೇ, ಹಿಮಾಲಯದ ಆರ್ಕಿಡ್‌ನ ಗಡ್ಡೆ. ಎರಡನ್ನೂ ಕೊಳ್ಳದಿರುವುದು ಒಳ್ಳೆಯದು. ಹಕ್ಕಿಯನ್ನು ಹತ್ತಿರ ಕರೆಯಲು ಮೊಬೈಲ್‌ನಲ್ಲಿ ಅದರ ಕೂಗು ಹಾಕಬೇಡಿ. ಸಮುದ್ರ ದಾಟಿ ಬಂದ ಹಕ್ಕಿಯ ಬಳಿ ವ್ಯರ್ಥ ಮಾಡುವಷ್ಟು ಕಸುವು ಉಳಿದಿರುವುದಿಲ್ಲ.

ಈ ಪಂಚಾಂಗಗಳು ಈಗ ಒಂದಕ್ಕೊಂದು ಹೊಂದದೆ ಸರಿಯುತ್ತಿವೆ. ಇಂಗ್ಲೆಂಡಿನಲ್ಲಿ ಒಫ್ರಿಸ್ ಸ್ಫೆಗೋಡೆಸ್‌ನ ಹಳೆಯ ಸಂಗ್ರಹಗಳನ್ನು ಅಧ್ಯಯನ ಮಾಡಿ 2014ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ವಸಂತದ ಉಷ್ಣಾಂಶ ಒಂದು ಡಿಗ್ರಿ ಏರಿದರೆ ಆರ್ಕಿಡ್ ಸುಮಾರು 6 ದಿನ ಮುಂಚೆ ಅರಳುತ್ತದೆ, ಗಂಡು ಜೇನು ಸುಮಾರು 9 ದಿನ, ಹೆಣ್ಣು ಜೇನು ಸುಮಾರು 15 ದಿನ ಮುಂಚೆ ಹೊರಬರುತ್ತದೆ. ನಿಜವಾದ ಹೆಣ್ಣು ಎದುರಿಗಿದ್ದರೆ ಹೂವಿನ ನಟನೆಗೆ ಯಾವ ಗಂಡೂ ಮರುಳಾಗುವುದಿಲ್ಲ. ಹಕ್ಕಿಗಳದ್ದೂ ಇದೇ ಪಾಡು. ನೆದರ್‌ಲ್ಯಾಂಡ್ಸ್‌ಗೆ ಬರುವ ಕಪ್ಪುಬಿಳುಪಿನ ನೊಣಹಿಡುಕಗಳು ಆಫ್ರಿಕಾದಿಂದ ಹಿಂದಿನ ವೇಳೆಗೇ ಬರುತ್ತಿದ್ದವು, ಆದರೆ ಮರಿಗಳಿಗೆ ಬೇಕಾದ ಕಂಬಳಿಹುಳಗಳ ಕಾಲ ಮುಂದಕ್ಕೆ ಜಿಗಿದಿತ್ತು ಎಂದು 2001ರಲ್ಲಿ ಅಲ್ಲಿನ ಸಂಶೋಧಕರು ವರದಿ ಮಾಡಿದರು. ಬೆಟ್ಟದ ಗಿಡಗಳಿಗೆ ಮೇಲಕ್ಕೆ ಸರಿಯುವ ದಾರಿಯೊಂದಿದೆ. ಕ್ರೀಟ್‌ನಲ್ಲಿ ಆ ದಾರಿ 2,456 ಮೀಟರ್‌ಗೆ ಮುಗಿಯುತ್ತದೆ.

ಏಪ್ರಿಲ್ ಕೊನೆಯ ದಿನಗಳಲ್ಲಿ ತೀರದಲ್ಲಿದ್ದರೆ ನೀಳ ರೆಕ್ಕೆಯ ಕಡುಬಣ್ಣದ ಚಾಣಗಳನ್ನು ಹುಡುಕಿ. ಅವು ಎಲಿಯನೋರಾ ಚಾಣಗಳು, ಮಡಗಾಸ್ಕರ್‌ನಿಂದ ಬಂದವು. ಉಪಗ್ರಹ ಟ್ಯಾಗ್ ಹಾಕಿ ನೋಡಿದಾಗ ಅವು ಆಫ್ರಿಕಾ ಖಂಡದ ಒಡಲನ್ನೇ ಸೀಳಿಕೊಂಡು ಹಾರುತ್ತವೆ ಎಂದು ತಿಳಿದುಬಂತು. ಜಗತ್ತಿನ ಎಲಿಯನೋರಾ ಚಾಣಗಳಲ್ಲಿ ಹೆಚ್ಚಿನ ಪಾಲು ಮರಿಮಾಡುವುದು ಗ್ರೀಸ್‌ನ ನಡುಗಡ್ಡೆಗಳಲ್ಲಿ. ಆದರೆ ವಸಂತದಲ್ಲಿ ಬಂದರೂ ಅವು ಗೂಡಿನ ಗೊಡವೆಗೆ ಹೋಗುವುದಿಲ್ಲ. ಮೂರು ತಿಂಗಳು ಕೀಟ ಹಿಡಿದು ಕಾಲ ಕಳೆದು, ಉಳಿದ ಹಕ್ಕಿಗಳೆಲ್ಲ ಮರಿಗಳನ್ನು ಬೆಳೆಸಿ ಮುಗಿಸಿದ ಮೇಲೆ ಮೊಟ್ಟೆಯಿಡುತ್ತವೆ. ಆಗಸ್ಟ್ ಕೊನೆಗೆ ಮರಿಗಳು ಹೊರಬರುವ ವೇಳೆಗೆ ಯುರೋಪಿನ ಸಣ್ಣ ಹಕ್ಕಿಗಳು ಆಫ್ರಿಕಾಕ್ಕೆ ಮರಳಲು ಇದೇ ಸಮುದ್ರದ ಮೇಲೆ ಬರತೊಡಗಿರುತ್ತವೆ, ಚಾಣಗಳು ಅವುಗಳನ್ನು ಗಾಳಿಯಲ್ಲೇ ಹಿಡಿದು ಮರಿಗಳಿಗೆ ಉಣಿಸುತ್ತವೆ. ಅದನ್ನು ನೋಡಬೇಕಾದರೆ ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ಹೋಗಬೇಕು. ಆಗ ಒಣನೆಲದಿಂದ ಎಲೆಯೇ ಇಲ್ಲದೆ ಎದೆಯೆತ್ತರ ಏಳುವ ಬಿಳಿ ಹೂಗೊಂಚಲು ಡ್ರಿಮಿಯಾ, ನಮ್ಮ ಬಯಲುಸೀಮೆಯ ಕಾಡು ಈರುಳ್ಳಿಯ ಹತ್ತಿರದ ಬಂಧು. ಅದರ ಎಲೆಗಳು ಬರುವುದು ಅಕ್ಟೋಬರ್‌ನಲ್ಲಿ ಮಳೆ ಬಿದ್ದ ಮೇಲೆ.